ಎಪ್ಪತ್ತರ ಸೋಮುವಿನ ಪಾಲು

ಸೋಮುವಿನ ಮನೆಯ ಗಂಡಸರಿಗೆ ಅರವತ್ತು ಆಗಿಬರುವುದಿಲ್ಲ ಎಂಬುದು ತೋಡೂರಿನಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಅಜ್ಜ ಐವತ್ತಾರಕ್ಕೆ ಹೋದ, ದೊಡ್ಡಪ್ಪ ಐವತ್ತೊಂಬತ್ತಕ್ಕೆ, ಅಪ್ಪ ಬೊಮ್ಮಯ್ಯ ಐವತ್ತೆಂಟು ತುಂಬುವ ಮೊದಲೇ. ಬೇರೆ ಮನೆಗಳಲ್ಲಾದರೆ ಇಂಥದ್ದನ್ನು ಬಾಗಿಲು ಹಾಕಿಕೊಂಡು ಮಾತಾಡುತ್ತಾರೆ. ಸೋಮು ಮಾತ್ರ ಅದು ಮನೆತನಕ್ಕೆ ಸಿಕ್ಕ ಬಿರುದು ಎಂಬಂತೆ ಹೇಳಿಕೊಂಡು ತಿರುಗುತ್ತಿದ್ದ. ಬಿಣಗಾದ ಕೆಮಿಕಲ್ ಕಾರ್ಖಾನೆಯಲ್ಲಿ ಅವನ ಜೊತೆ ಶಿಫ್ಟ್ ಮಾಡುವವರಿಗೆಲ್ಲ ಈ ಕತೆ ಬಾಯಿಪಾಠವಾಗಿತ್ತು.

ಅಪ್ಪ ಇನ್ನೂ ಬದುಕಿದ್ದಾಗಲೇ, ಮದುವೆಯಾದ ಹೊಸತರಲ್ಲಿ ಹೆಂಡತಿ ಕಲಾವತಿಗೂ ಹೇಳಿದ. "ನಂಗೆ ಅರವತ್ತರ ತನಕ ಮಾತ್ರ. ಅಷ್ಟರೊಳಗೆ ನಿಂಗೇನು ಬೇಕೋ ಮಾಡಿಸ್ಕೊ. ಜಗಳಕ್ಕೆ ಟೈಮಿಲ್ಲ ಮಾರಾಯ್ತಿ." ಕಲಾವತಿ ಅಂಕೋಲೆಯಲ್ಲಿ ಮಾವಿನಹಣ್ಣಿನ ವ್ಯಾಪಾರದ ಮನೆಯಲ್ಲಿ ಬೆಳೆದವಳು. ಗಿರಾಕಿಗಳ ಎಂತೆಂಥ ಮಾತನ್ನೋ ಕೇಳಿ ನಕ್ಕು ಬಿಟ್ಟವಳು. ಇದನ್ನೂ ನಕ್ಕು ಬಿಟ್ಟಳು. ಗಂಡ ಹೇಳಿದ್ದು ತಮಾಷೆಗಲ್ಲ, ಅವನು ಹಾಗೆಯೇ ಬದುಕುತ್ತಿದ್ದಾನೆ ಎಂದು ತಿಳಿಯಲು ಅವಳಿಗೆ ಕೆಲವು ವರ್ಷ ಬೇಕಾಯಿತು.

ಅವನ ವ್ಯವಹಾರ ನೋಡಿದರೆ ನಗಬೇಕೋ ಅಳಬೇಕೋ ತಿಳಿಯುತ್ತಿರಲಿಲ್ಲ. ಹಿತ್ತಿಲ ಮಾಡಿಗೆ ತಗಡು ತರಲು ಕಾರವಾರಕ್ಕೆ ಹೋದಾಗ ಅಂಗಡಿಯವನು ಬಹಳ ವರ್ಷ ಬಾಳಿಕೆ ಬರುವ ತಗಡು ತೋರಿಸಿದರೆ, "ಅಷ್ಟೆಲ್ಲ ನಾ ಇರೂದಿಲ್ಲ, ಹತ್ತು ವರ್ಷದ್ದು ಕೊಡಿ" ಎಂದು ಅಗ್ಗದ್ದನ್ನು ಕಟ್ಟಿಸಿಕೊಂಡು ಬಂದ. ಬಲಗಡೆಯ ದವಡೆ ಹಲ್ಲು ಹೋದಾಗ ಹೊಸದು ಕಟ್ಟಿಸಲಿಲ್ಲ. ಎಡಗಡೆಯಲ್ಲಿ ಅಗಿದರೆ ಅರವತ್ತರ ತನಕ ಸಾಗುತ್ತದೆ ಎಂದ. ವಿಮೆಯ ಏಜೆಂಟರಿಗೆ ಇವನಂಥ ಗಿರಾಕಿ ಇನ್ನೊಬ್ಬನಿರಲಿಲ್ಲ. ಕರೆದು ಕೂಡ್ರಿಸಿ ಪಾಲಿಸಿ ಮಾಡಿಸಿಕೊಳ್ಳುತ್ತಿದ್ದ. ಸತ್ತರೆ ಹಣ ಬರುವ ವಿಮೆ ಅವನ ಹತ್ತಿರ ಮೂರಿದ್ದವು. ಬದುಕಿದರೆ ಬೇಕಾಗುವಂಥದ್ದು ಒಂದೂ ಇರಲಿಲ್ಲ.

ಹಾಗೆಂದು ಅವನೇನು ಕೆಟ್ಟವನಲ್ಲ. ಕುಡಿಯುವ ಚಟವಿಲ್ಲ, ಮನೆಯ ಮೇಲೆ ಪ್ರೀತಿ, ಕೈ ಮಾತ್ರ ಬಲು ಧಾರಾಳ. ಸಂಬಳ ಬಂದ ವಾರ ಮನೆಗೆ ಇಸ್ವಾಣ ಮೀನು ಬರುತ್ತಿತ್ತು, ತಮ್ಮನ ಮನೆಗೂ ಒಂದು ತುಂಡು ಹೋಗುತ್ತಿತ್ತು. ಕೊಡುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಕೇಳುವುದು ಮಾತ್ರ ಅವನಿಗೆ ಗೊತ್ತೇ ಇರಲಿಲ್ಲ. ಬಸ್ಸಿನಲ್ಲಿ ಚಿಲ್ಲರೆ ಬಿಟ್ಟುಹೋದರೂ ಕಂಡಕ್ಟರನನ್ನು ಕೇಳದೆ ಇಳಿದು ಬರುವ ಜಾತಿ.

ಇದೆಲ್ಲ ಒಬ್ಬ ಮನುಷ್ಯನ ಹುಚ್ಚು ಎಂದು ಕಲಾವತಿ ಸುಮ್ಮನಿರಬಹುದಿತ್ತು. ಆದರೆ ಮಾವ ಬೊಮ್ಮಯ್ಯ ಹೋದದ್ದನ್ನು ಅವಳು ಹತ್ತಿರದಿಂದ ಕಂಡಿದ್ದಳು.

ಆ ಮನೆಯಲ್ಲಿ ಒಂದು ಪದ್ಧತಿ. ಹಿರಿಯನಾದವನು ತನ್ನದನ್ನೆಲ್ಲ ಬದುಕಿರುವಾಗಲೇ ಕೈಯಾರೆ ಹಂಚಬೇಕು, ತನಗೆಂದು ಏನನ್ನೂ ಇಟ್ಟುಕೊಳ್ಳಬಾರದು. ಹಾಗೆ ಹಂಚಿದವನ ಹೆಣದ ಮುಂದೆ ಜಗಳ ಬೀಳುವುದಿಲ್ಲವಂತೆ. ನೌಕಾನೆಲೆಗೆ ಜಮೀನು ಹೋದಾಗ ಬೊಮ್ಮಯ್ಯನಿಗೆ ಪರಿಹಾರದ ದುಡ್ಡು ಬಂತು. ಬಂದ ವಾರದಲ್ಲೇ ಅವನು ಗಂಡುಮಕ್ಕಳು, ಹೆಣ್ಣುಮಕ್ಕಳು, ಅಳಿಯಂದಿರನ್ನೆಲ್ಲ ಕರೆಸಿ, ಕೋಳಿ ಕೊಯ್ಯಿಸಿ ಊಟ ಹಾಕಿ, ಇದ್ದದ್ದನ್ನೆಲ್ಲ ಹಂಚಿ ಕೈ ಝಾಡಿಸಿ ಎದ್ದು ನಿಂತ. ಊರೆಲ್ಲ ಹೊಗಳಿತು.

ಮುಂದಿನ ಮಳೆಗಾಲದಲ್ಲಿ ಅವನಿಗೆ ಎದೆ ಉರಿ ಶುರುವಾಯಿತು. ಕೋಕಂ ಹುಳಿ ಕದಡಿದ ಕಡಿ ಕುಡಿದ, ಸೋಡಾ ಕುಡಿದ. ಕಾರವಾರದ ಡಾಕ್ಟರು ಗೋವೆಗೆ ಹೋಗಿ ತೋರಿಸಿ ಎಂದದ್ದನ್ನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಗಂಜಿ ಕೊಡಲು ಹೋದ ಸೊಸೆಯ ಮುಂದೆ ಮಾತ್ರ ಬಾಯಿಬಿಟ್ಟ.

"ಗೋವೆಗೆ ಹೋಗೂಕೆ ದುಡ್ಡು ಬೇಕಲ ಮಗಾ."

"ಮಕ್ಳ ಹತ್ರ ಕೇಳಿ ಮಾವಾ. ಅವ್ರೇನು ಇಲ್ಲ ಅಂತ್ರಾ?"

"ಇಲ್ಲ ಅನ್ನೂದಿಲ್ಲ. ಆದ್ರೆ ಕೊಟ್ಟ ಕೈಯನ್ನ ಮತ್ತೆ ಚಾಚೂದು ಹ್ಯಾಂಗೆ?"

ಅಂದೇ ಸಂಜೆ ಕಲಾವತಿ ಗಂಡನಿಗೆ ಹೇಳಿದಳು. ಸೋಮು ಕಾರು ಗೊತ್ತು ಮಾಡಲು ಹೊರಟ. ಮುದುಕ ಏನು ಮಾಡಿದರೂ ಏಳಲಿಲ್ಲ. ನನಗೇನೂ ಆಗಿಲ್ಲ, ಬರೀ ಗ್ಯಾಸು, ಚೌತಿ ಕಳೆಯಲಿ ನೋಡುವಾ ಎಂದು ಮಗನನ್ನೇ ಗದರಿಸಿದ. ಆ ವರ್ಷದ ಚೌತಿ ಅವನು ಕಾಣಲಿಲ್ಲ. "ಆಯುಷ್ಯ ಅಷ್ಟೇ ಇತ್ತು" ಎಂದ ಸೋಮು. ಊರವರೂ ಹಾಗೇ ಎಂದರು, ಮನೆತನದ ಬಿರುದು ಇನ್ನಷ್ಟು ಗಟ್ಟಿಯಾಯಿತು. ಕಲಾವತಿಗೆ ಮಾತ್ರ ಮೈಯೆಲ್ಲ ಉರಿಯಿತು. ಈ ಮನೆಯ ಗಂಡಸರು ಆಯುಷ್ಯ ಮುಗಿದು ಸಾಯುವುದಿಲ್ಲ, ಕೇಳಲು ನಾಚಿ ಸಾಯುತ್ತಾರೆ ಎಂದು ಅವಳಿಗೆ ಅಂದೇ ಖಾತ್ರಿಯಾಯಿತು. ಸೋಮು ಐವತ್ತೆಂಟಕ್ಕೆ ನಿವೃತ್ತನಾಗುತ್ತಾನೆ, ಪಿಎಫ್, ಗ್ರಾಚ್ಯುಟಿ ಎಂದು ದೊಡ್ಡ ಗಂಟು ಬರುತ್ತದೆ, ಅದನ್ನು ಅಪ್ಪನ ಹಾಗೆಯೇ ಹಂಚುತ್ತಾನೆ. ಆಮೇಲೆ ಒಂದು ಎದೆನೋವು ಬಂದರೆ ಮುಗಿಯಿತು. ಗಂಡನನ್ನು ಆ ಹಂಚಿಕೆಯಿಂದ ಉಳಿಸಿಕೊಳ್ಳಬೇಕು, ಇಲ್ಲವಾದರೆ ಗಂಡನೇ ಉಳಿಯುವುದಿಲ್ಲ.

ಉಳಿಸುವುದು ಹೇಗೆ ಎಂದು ಅವಳಿಗೆ ಗೊತ್ತಿರಲಿಲ್ಲ. ದುಡ್ಡಿನ ವಿಷಯದಲ್ಲಿ ಅವಳಿಗೆ ತಿಳಿದಿದ್ದು ಮಾವಿನಹಣ್ಣು ಒಂದೇ. ಪ್ರತಿ ವರ್ಷ ಮೇ ತಿಂಗಳಲ್ಲಿ ತವರಿಗೆ ಹೋಗಿ ಅಂಕೋಲೆಯ ಪೇಟೆಯಲ್ಲಿ ಅಣ್ಣನ ಜೊತೆ ಕೂತು ಕರಿ ಇಶಾಡ ಮಾರುತ್ತಿದ್ದಳು. ಕರಿ ಇಶಾಡ ಬಹಳ ನಾಜೂಕಿನ ಹಣ್ಣು. ಸಿಪ್ಪೆ ತೆಳು, ಹಣ್ಣಾದ ಮೇಲೆ ಹೆಚ್ಚು ದಿನ ತಡೆಯುವುದಿಲ್ಲ. ತಂದ ಕಾಯನ್ನೆಲ್ಲ ಒಟ್ಟಿಗೆ ಹಣ್ಣಿಗೆ ಇಟ್ಟರೆ ಮೊದಲ ದಿನ ಭರ್ಜರಿ ವ್ಯಾಪಾರ, ನಾಲ್ಕನೇ ದಿನ ಎಲ್ಲ ಕೊಳೆತು ತಿಪ್ಪೆಗೆ. ಅದಕ್ಕೇ ಅವಳ ಮನೆಯವರು ಇವತ್ತಿಗೆ ಒಂದು ಬುಟ್ಟಿ, ಮುಂದಿನ ವಾರಕ್ಕೆ ಒಂದು ಬುಟ್ಟಿ, ಹಂಗಾಮಿನ ಕೊನೆಗೆಂದು ಒಂದಿಷ್ಟು ಬಲಿತ ಕಾಯಿ ಎಂದು ಬೇರೆ ಬೇರೆ ಹುಲ್ಲು ಹಾಸಿ ಇಡುತ್ತಿದ್ದರು.

ಉಳಿದದ್ದನ್ನು ಕಲಿಸಿದವಳು ಲಲಿತಾ. ಬಿಣಗಾದವಳು, ತಿಂಗಳಿಗೊಮ್ಮೆ ಮನೆಮನೆಗೆ ಬಂದು ಹೆಂಗಸರ ಹತ್ತಿರ ಪೋಸ್ಟ್ ಆಫೀಸಿನ ಆರ್‌ಡಿ ದುಡ್ಡು ಒಯ್ಯುವವಳು. ಮಾತಿನಮಲ್ಲಿ. ಒಂದು ಮಧ್ಯಾಹ್ನ ಕಲಾವತಿ ಅವಳನ್ನು ಕೂಡ್ರಿಸಿ, ಗಂಡಸರು ಬದುಕಿದ್ದಾಗ ಉಪಯೋಗಕ್ಕೆ ಬರುವ ವಿಮೆ ಯಾವುದಾದರೂ ಇದೆಯಾ ಎಂದು ಕೇಳಿದಳು.

"ಅದ್ಯಲ ಕಲಾಕ್ಕ, ಆಸ್ಪತ್ರೆ ಖರ್ಚಿಂದು. ಆದ್ರೆ ಬೇನೆ ಬಂದ್ಮೇಲೆ ಓಡಿ ಹೋದ್ರೆ ಯಾರೂ ಕೊಡೂದಿಲ್ಲ. ಗಟ್ಟಿ ಇದ್ದಾಗ್ಲೇ ಮಾಡಿ ಇಡ್ಬೇಕು. ಕೆಲವು ಬೇನೆಗೆ ಮೂರ್ನಾಲ್ಕು ವರ್ಷ ಕಾಯ್ಬೇಕು ಬೇರೆ."

"ಕಾರ್ಖಾನೆಯವ್ರು ಔಷಧಿ ಕೊಡ್ತ್ರಲ?"

"ಕೆಲ್ಸ ಇದ್ದಷ್ಟು ದಿನ. ರಿಟೈರ್ ಆದ ಮರುದಿನದಿಂದ ಅದು ಬಂದ್. ಬೇನೆ ಬರೂದು ಅದರ ಮರುದಿನವೇ!"

ಆ ವರ್ಷದ ಮಾವಿನ ಲಾಭ ಆಸ್ಪತ್ರೆ ವಿಮೆಗೆ ಹೋಯಿತು. ಮುಂದಿನ ವರ್ಷದ್ದೂ ಹೋಯಿತು. ಸೋಮು ಹೊಟ್ಟೆ ಹಿಡಿದುಕೊಂಡು ನಕ್ಕ. "ಬದುಕೂದಕ್ಕೆ ಯಾರಾದ್ರೂ ವಿಮೆ ಮಾಡ್ತ್ರಾ?" ಎಂದು ಶಿಫ್ಟಿನಲ್ಲೆಲ್ಲ ಹೇಳಿ ಹೆಂಡತಿಯನ್ನು ಗೇಲಿ ಮಾಡಿದ. ಅವಳು ಕಂತು ಮಾತ್ರ ತಪ್ಪಿಸಲಿಲ್ಲ. ಲಲಿತಾ ಬಂದಾಗಲೆಲ್ಲ ಏನಾದರೊಂದು ಕೇಳಿ ತಿಳಿದುಕೊಂಡಳು: ಬಡ್ಡಿಯ ಮೇಲೆ ಬಡ್ಡಿ ಹೇಗೆ ಬೆಳೆಯುತ್ತದೆ, ಸಾಮಾನಿನ ರೇಟು ಏರುತ್ತಾ ಹೋದರೆ ಕೂಡಿಟ್ಟ ದುಡ್ಡು ಹೇಗೆ ಸವೆಯುತ್ತದೆ, ನಿವೃತ್ತರಾದವರಿಗೆ ಪೋಸ್ಟ್ ಆಫೀಸಿನಲ್ಲಿ ಯಾವ ಯೋಜನೆ ಇದೆ. ಮೊದಮೊದಲು ತಲೆಗೆ ಹತ್ತಲಿಲ್ಲ. ಒಂದು ದಿನ, ಇದು ಬುಟ್ಟಿ ಬೇರೆ ಬೇರೆ ಇಡುವ ಕೆಲಸವೇ ತಾನೇ ಅನಿಸಿತು. ಆಮೇಲೆ ಎಲ್ಲ ಸಲೀಸಾಯಿತು.

ಸೋಮು ನಿವೃತ್ತನಾದ. ಶಾಲು ಹೊದೆಸಿದರು, ಹಾರ ಹಾಕಿದರು, ಗೋಡೆ ಗಡಿಯಾರ ಕೊಟ್ಟರು. ದುಡ್ಡು ಬ್ಯಾಂಕಿಗೆ ಬಂದದ್ದೇ ತಡ, ಮುಂದಿನ ರವಿವಾರಕ್ಕೆ ಎಲ್ಲರಿಗೂ ಬುಲಾವ್ ಹೋಯಿತು. ಅಂಕೋಲೆಯ ಬೈಕ್ ಶೋರೂಮಿನಲ್ಲಿ ಕೆಲಸ ಮಾಡುವ ಮಗ ನಿತೇಶ ಬಂದ. ಬಿಣಗಾಕ್ಕೆ ಮದುವೆಯಾಗಿ ಹೋದ ಮಗಳು ನೀತಾ ಬಂದಳು. ತಮ್ಮ ದೇವಾನಂದ ಹೆಂಡತಿಯನ್ನು ಕರೆದುಕೊಂಡು ಬಂದ. ಕೋಳಿಯೂ ಆಯಿತು, ಊಟವೂ ಆಯಿತು. ಸೋಮು ಜಗಲಿಯಲ್ಲಿ ಕೂತು ಗಂಟಲು ಸರಿಮಾಡಿಕೊಂಡ. ಮುಖದಲ್ಲಿ ಮದುಮಗನ ಕಳೆ.

ನಿತೇಶನಿಗೆ ಸ್ವಂತ ಗ್ಯಾರೇಜು ಹಾಕಲು ಇಷ್ಟು. ನೀತಾಗೆ ಬಂಗಾರಕ್ಕೆ ಇಷ್ಟು. ದೇವಾನಂದನ ಮನೆಗೆ ಸ್ಲ್ಯಾಬ್ ಹಾಕಿಸಲು ಇಷ್ಟು. ದೇವಸ್ಥಾನಕ್ಕೆ ಇಷ್ಟು. ಕಲಾವತಿಯ ಹೆಸರಿಗೆ ಒಂದಿಷ್ಟು. ಎಲ್ಲ ಸೇರಿ ಬ್ಯಾಂಕಿನಲ್ಲಿದ್ದದ್ದು ಪೂರ್ತಿ ಖಾಲಿ. ತನಗೆ ಬರುವ ಸಣ್ಣ ಪಿಂಚಣಿ ಚಹಾಕ್ಕೂ ಬೀಡಿಗೂ ಸಾಕು ಎಂದು ಸೋಮು ನಕ್ಕ.

ಕಲಾವತಿ ಎದ್ದು ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ನಡುವೆ ಇಟ್ಟಳು. ಅದರಲ್ಲಿ ತಾನೂ ಕೂಡಲಿಲ್ಲ, ಬೇರೆಯವರಿಗೂ ಕೂಡಲು ಬಿಡಲಿಲ್ಲ.

"ಇನ್ಯಾರು ಬರ್ಬೇಕು ವೈನಿ?" ದೇವಾನಂದ ಅತ್ತಿಗೆಯನ್ನು ಕೇಳಿದ.

"ಒಬ್ರು ಪಾಲಿನವ್ರು ಉಳಿದ್ರಲ. ಎಪ್ಪತ್ತು ವರ್ಷದ ದಾದಾ, ನಿಮ್ಮ ಅಣ್ಣ."

ಎಲ್ಲರೂ ಗೊಳ್ಳೆಂದು ನಕ್ಕರು. ಸೋಮುವೂ ನಕ್ಕ. ಕಲಾವತಿ ನಗಲಿಲ್ಲ.

"ಅಂವಂಗೆ ಇವತ್ತು ಬರೂಕೆ ಆಗೂದಿಲ್ಲ. ಅದ್ಕೆ ಅಂವನ ಪರವಾಗಿ ನಾ ಕೇಳ್ತೆ. ಅಂವಂಗೆ ಮೀನಿಲ್ದೆ ಊಟ ಇಳಿಯೂದಿಲ್ಲ. ನಾ ಮದ್ವೆಯಾಗಿ ಬಂದಾಗ ಹತ್ತು ರೂಪಾಯಿಗೆ ಚೀಲ ತುಂಬ ಬಂಗಡೆ ಬರ್ತಿತ್ತು, ಈಗ ನೂರಕ್ಕೆ ಎಷ್ಟು ಬರ್ತದೆ ನೀವೇ ಹೇಳಿ. ಅಂವಂಗೆ ಎಪ್ಪತ್ತಾಗುವಾಗ ಎಷ್ಟಾಗ್ತದೆ? ಕಣ್ಣಿನ ಪೊರೆ ತೆಗೆಸ್ಬೇಕು. ಹಲ್ಲು ಕಟ್ಟಿಸ್ಬೇಕು, ಒಂದೇ ಬದಿ ಅಗಿದು ಅಗಿದು ಆ ಬದಿದೂ ಹೋಗಿರ್ತದೆ. ಎದೆನೋವು ಬಂದ್ರೆ ಗೋವೆಗೆ ಹೋಗ್ಬೇಕು. ಅಂವಂದು ಪಾಲು ಎಲ್ಲಿ ಇಟ್ಟೀರಿ?"

ಸೋಮುವಿನ ಮುಖ ಗಂಟಿಕ್ಕಿತು. "ನಮ್ಮನೇಲಿ ಎಪ್ಪತ್ತರವ ಇಲ್ಲೀವರೆಗೂ ಹುಟ್ಲಿಲ್ಲ. ಇಲ್ಲದವಂಗೆ ಪಾಲು ಇಡೂಕೆ ನಂಗೇನು ತಲೆ ಕೆಟ್ಟದ್ಯಾ?"

"ಹುಟ್ಟಿದ್ರು. ನೀವು ಬೆಳೆಯೂಕೆ ಬಿಡ್ಲಿಲ್ಲ."

ಕಲಾವತಿ ಕುರ್ಚಿಯ ಬೆನ್ನಿಗೆ ಕೈ ಊರಿ ನಿಂತಳು. ಇಷ್ಟು ಜನರ ಮುಂದೆ ಗಂಡನಿಗೆ ಎದುರಾಡಿದ್ದು ಇದೇ ಮೊದಲು. ಈಗ ಹಿಂದೆ ಸರಿದರೆ ಮತ್ತೆಂದೂ ಆಗುವುದಿಲ್ಲ ಎಂದು ಗೊತ್ತಿತ್ತು. ಗಂಜಿ ಕೊಡಲು ಹೋದ ದಿನ ಮಾವ ಆಡಿದ ಮಾತನ್ನು ಅವಳು ಇದ್ದದ್ದು ಇದ್ದ ಹಾಗೆ ಹೇಳಿದಳು. ಸೋಮುವಿಗೆ ಅದು ಹಳೆಯದು. ದೇವಾನಂದ ಮಾತ್ರ ಅದನ್ನು ಕೇಳಿದ್ದು ಅಂದೇ ಮೊದಲು. ಅವನು ಕೂತಲ್ಲೇ ಕುಸಿದ.

"ನಾ ಕೊಡ್ತಿದ್ದೆ" ಎಂದ. "ಅಪ್ಪ ಕೊಟ್ಟ ದುಡ್ಡು ಆಗ ಅಷ್ಟೂ ನನ್ನ ಹತ್ರ ಹಾಂಗೇ ಇತ್ತು. ಒಂದು ರೂಪಾಯಿ ಮುಟ್ಟಿರ್ಲಿಲ್ಲ. ಒಂದು ಮಾತು ಕೇಳಿದ್ರೆ ಹೊತ್ಕೊಂಡು ಹೋಗ್ತಿದ್ದೆ ದಾದಾ." ಐವತ್ತು ದಾಟಿದ ಗಂಡಸು, ಎಲ್ಲರೆದುರು ಅತ್ತುಬಿಟ್ಟ.

ಕಲಾವತಿ ಗಂಡನ ಕಡೆ ತಿರುಗಿದಳು. ಸ್ವರ ತಗ್ಗಿಸಿದಳು. "ನಾ ಒಂದೇ ಕೇಳ್ತೆ. ಇದೆಲ್ಲ ಹಂಚಿದ್ಮೇಲೆ, ನಾಳೆ ನಿಮ್ಗೆ ಡಾಕ್ಟ್ರ ಹತ್ರ ಹೋಗೂಕೆ ದುಡ್ಡು ಬೇಕಾಯ್ತು. ನಿತೇಶನ ಹತ್ರ ಕೇಳ್ತ್ರಾ?"

ಸೋಮು ಮಗನನ್ನು ನೋಡಿದ. ಮಗಳನ್ನು ನೋಡಿದ. ಹೌದು ಎನ್ನಲು ಬಾಯಿ ತೆರೆದ, ಬರಲಿಲ್ಲ. ಅವನು ಎಷ್ಟೋ ವಿಷಯಗಳಲ್ಲಿ ಹಟಮಾರಿ, ಸುಳ್ಳು ಹೇಳುವವನಲ್ಲ.

"ಇಲ್ಲ" ಎಂದ ಕೊನೆಗೆ. "ಕೇಳೂದಿಲ್ಲ."

"ಮಾವಂಗೆ ಇದ್ದ ಬೇನೆ ಅದೇ" ಎಂದಳು ಕಲಾವತಿ.

ಆ ರವಿವಾರ ಎಲ್ಲವೂ ಚೆಂದವಾಗಿ ಮುಗಿಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ನಿತೇಶ ಗ್ಯಾರೇಜಿಗೆ ಜಾಗ ನೋಡಿ ಮಾತು ಕೊಟ್ಟು ಬಂದಿದ್ದ. ಹೆತ್ತ ಆಯಿಯೇ ನನ್ನ ಹೊಟ್ಟೆಯ ಮೇಲೆ ಹೊಡೆದಳು ಎಂದು ಮುಖ ಊದಿಸಿಕೊಂಡು ಬೈಕು ಹತ್ತಿ ಹೋದ. ಹಲವು ತಿಂಗಳು ಮನೆಯ ಕಡೆ ತಲೆ ಹಾಕಲಿಲ್ಲ. ಕಲಾವತಿ ಹಾಗೆಂದು ಮಕ್ಕಳಿಗೆ ಏನೂ ಕೊಡಬೇಡಿ ಎಂದವಳಲ್ಲ. ಪ್ರತಿಯೊಬ್ಬರಿಗೂ ಸ್ವಲ್ಪ ಸ್ವಲ್ಪ ಹೋಯಿತು, ದೇವರಿಗೂ ಹೋಯಿತು. ನಿತೇಶನಿಗೆ ಗ್ಯಾರೇಜಿನ ಮುಂಗಡದಷ್ಟು ಕೊಟ್ಟು, ಉಳಿದದ್ದನ್ನು ಬ್ಯಾಂಕಿನಿಂದ ಸಾಲ ಎತ್ತಿ ನೀನೇ ತೀರಿಸು ಎಂದರು. ಮಿಕ್ಕ ದೊಡ್ಡ ಭಾಗವನ್ನು ಅವಳು ಬುಟ್ಟಿಗಳ ಹಾಗೆ ಬೇರೆ ಬೇರೆ ಮಾಡಿದಳು. ಕೈಯಳತೆಯಲ್ಲಿ ಇರಲೆಂದು ಬ್ಯಾಂಕಿನಲ್ಲಿ ಒಂದಿಷ್ಟು, ವರ್ಷ ಎರಡು ವರ್ಷಕ್ಕೆ ಬಿಚ್ಚುವಂತೆ ಒಂದಿಷ್ಟು ಠೇವಣಿ, ಎಲ್ಲಕ್ಕಿಂತ ದೊಡ್ಡದು, ನಿವೃತ್ತರಾದವರಿಗೆ ಅರವತ್ತಕ್ಕೆ ಮೊದಲೂ ತೆರೆಯುವ ಪೋಸ್ಟ್ ಆಫೀಸಿನ ಹಿರಿಯ ನಾಗರಿಕರ ಯೋಜನೆಯಲ್ಲಿ, ಐದು ವರ್ಷಕ್ಕೆ. ಮೂರು ತಿಂಗಳಿಗೊಮ್ಮೆ ಬಡ್ಡಿ ಬರುವಂಥದ್ದು, ಸೋಮುವಿನ ಹೆಸರಿನಲ್ಲೇ. ಅವಳು ಅದನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲಿಲ್ಲ. ಗಂಡನಿಗೆ ಬೇಕಾಗಿದ್ದದ್ದು ಯಾರನ್ನೂ ಕೇಳದೆ ತೆಗೆಯಬಹುದಾದ ದುಡ್ಡು, ಹೆಂಡತಿಯನ್ನೂ ಕೂಡ.

ಸೋಮು ಸಹಿ ಹಾಕಿದ. ನಂಬಿಕೆಯಿಂದಲ್ಲ, ಸೋತು. "ನಿನ್ನ ಮುದುಕಂದು ದುಡ್ಡು ಬಂತು ನೋಡು" ಎಂದು ಬಡ್ಡಿ ಬಂದಾಗಲೆಲ್ಲ ಕೆಣಕುತ್ತಿದ್ದ. ಬೇರೆ ಯಾರೋ ಪರವೂರಿನ ಹಿರಿಯರ ದುಡ್ಡನ್ನು ಕಾಯುತ್ತಿರುವವನಂತೆ ಮಾತು. ಐವತ್ತೊಂಬತ್ತು ತುಂಬಿದ ಮೇಲಂತೂ ಹೊರಡುವ ತಯಾರಿಯೇ ಶುರುವಾಯಿತು. ಒಳ್ಳೆಯ ರೇನ್‌ಕೋಟನ್ನು ದೇವಾನಂದನಿಗೆ ಕೊಟ್ಟ. ಸ್ಕೂಟರನ್ನು ಅಳಿಯನ ಹೆಸರಿಗೆ ಮಾಡಲು ಹೊರಟ. ಕಲಾವತಿ ಸ್ಕೂಟರಿನ ಬೀಗದ ಕೈಯನ್ನು ಅಕ್ಕಿ ಡಬ್ಬಿಯಲ್ಲಿ ಅಡಗಿಸಿಟ್ಟು ಮಾತು ಬಿಟ್ಟಳು.

ಆ ವರ್ಷವೇ, ಮಳೆ ನಿಂತು ದೋಣಿಗಳು ಮತ್ತೆ ಕಡಲಿಗೆ ಇಳಿದ ಹೊಸತರಲ್ಲಿ, ಒಂದು ಬೆಳಿಗ್ಗೆ ಸೋಮು ಕಾರವಾರದ ಮೀನು ಮಾರ್ಕೆಟ್ಟಿನಲ್ಲಿ ಶೆಟ್ಲಿ ಸೀಗಡಿಗೆ ಚೌಕಾಸಿ ಮಾಡುತ್ತಿದ್ದ. ಎದೆಯಲ್ಲಿ ಉರಿ ಎದ್ದಿತು. ಬೆವರು ಕಿತ್ತುಕೊಂಡು ಬಂತು. ಮೀನು ಮಾರುವ ಮಾದೇವಿ ಅವನ ಮುಖ ನೋಡಿ ತನ್ನ ಮಣೆ ಬಿಟ್ಟುಕೊಟ್ಟು ಕೂಡ್ರಿಸಿದಳು, ಸೋಡಾ ತರಿಸಲೇ ಎಂದು ಕೇಳಿದಳು.

ಅವನ ಅಪ್ಪನಾಗಿದ್ದರೆ ಸೋಡಾ ಕುಡಿಯುತ್ತಿದ್ದ. ಎರಡು ವರ್ಷ ಹಿಂದಿನ ಸೋಮುವೂ ಕುಡಿಯುತ್ತಿದ್ದ. ಅಂದು ಏನಾಯಿತೆಂದು ಅವನು ಆಮೇಲೆ ಎಷ್ಟೋ ಸಲ ಹೇಳಿದ್ದಾನೆ. ಪೋಸ್ಟ್ ಆಫೀಸಿನಲ್ಲಿ ಆ ಮುದುಕನ ದುಡ್ಡು ಇದೆಯಲ್ಲ ಎಂದು ಅವನಿಗೆ ನೆನಪಾಯಿತಂತೆ. ತಾನು ಈಗ ಸೋಡಾ ಕುಡಿದು ಮನೆಗೆ ಹೋಗಿ ಮಲಗಿದರೆ ಆ ಮುದುಕನನ್ನು ಕೈಯಾರೆ ಕೊಂದ ಹಾಗೆ. ಬೇರೆಯವರ ಗಂಟನ್ನು ನುಂಗಿದ ಹಾಗೆ. ಸೋಮು ತನಗೆಂದು ಏನನ್ನೂ ಕೇಳಲಾರದವನು, ನಿಜ. ಆದರೆ ಇನ್ನೊಬ್ಬರ ಪಾಲಿಗೆ ಕೈ ಹಾಕುವವನೂ ಅಲ್ಲ.

"ಸೋಡಾ ಬೇಡ ಅಕ್ಕಾ" ಎಂದ. "ರಿಕ್ಷಾ ಕರ್ಸು. ಆಸ್ಪತ್ರೆಗೆ ಹೋಗ್ಬೇಕು ನಾನು."

ರಿಕ್ಷಾದಲ್ಲಿ ಕೂತು ಹೆಂಡತಿಗೆ ಫೋನ್ ಮಾಡಿದ. "ಕಲಾ, ನಿನ್ನ ಮುದುಕಂಗೆ ಎದೆನೋವು. ಬೇಗ ಬಾ." ಕಲಾವತಿ ಒಲೆಯ ಮೇಲಿನ ಅನ್ನವನ್ನು ಇಳಿಸದೆಯೇ ಓಡಿದಳು. ಅಷ್ಟು ಹೆದರಿಕೆಯ ನಡುವೆಯೂ ಒಳಗೆಲ್ಲೋ ಹಿಗ್ಗು ಉಕ್ಕುತ್ತಿತ್ತು. ಹೇಳಿದ! ಆ ಮನೆಯಲ್ಲಿ ಒಬ್ಬ ಗಂಡಸು ನೋವಾಗುತ್ತಿದೆ ಎಂದು ಕೊನೆಗೂ ಬಾಯಿಬಿಟ್ಟು ಹೇಳಿದ.

ಕಾರವಾರದಲ್ಲಿ ಮೊದಲ ಚಿಕಿತ್ಸೆ ಕೊಟ್ಟು ಆಂಬ್ಯುಲೆನ್ಸಿನಲ್ಲಿ ಗೋವೆಗೆ ಕಳಿಸಿದರು. ನಿತೇಶ ಅಂಕೋಲೆಯಿಂದ ಗ್ಯಾರೇಜಿನ ಬಟ್ಟೆಯಲ್ಲೇ, ಕೈಗೆ ಮೆತ್ತಿದ ಎಣ್ಣೆಯನ್ನೂ ಒರೆಸದೆ ಬಂದು ಸೇರಿದ. ಸ್ಟೆಂಟ್ ಹಾಕಬೇಕು, ಹಾಕಿದರೆ ಸರಿಯಾಗುತ್ತದೆ, ಹೊತ್ತಿಗೆ ಸರಿಯಾಗಿ ತಂದಿದ್ದೀರಿ ಎಂದರು ಅಲ್ಲಿಯ ಡಾಕ್ಟರು. ನಿತೇಶ ತಾಯಿಯನ್ನು ಮೂಲೆಗೆ ಕರೆದ. ಅವನ ಮುಖ ಬಿಳುಚಿತ್ತು.

"ಎಷ್ಟು ಹೊಂದಿಸ್ಬೇಕು ಆಯಿ? ಹೇಳು. ಗ್ಯಾರೇಜು ಮಾರಿದ್ರೂ ಅಡ್ಡಿಲ್ಲ."

"ಏನೂ ಹೊಂದಿಸೂದು ಬೇಡ. ವಿಮೆ ಅದೆ, ಮೇಲಿನ ಖರ್ಚಿಗೆ ಅಪ್ಪಂದೇ ದುಡ್ಡು ಅದೆ. ನೀ ಹೋಗಿ ಅಪ್ಪನ ಕೈ ಹಿಡ್ಕೊಂಡು ಕೂತ್ಕೊ. ಅಂವಂಗೆ ಈಗ ಬೇಕಾದದ್ದು ಅದು."

ನಿತೇಶ ತಾಯಿಯ ಹೆಗಲಿಗೆ ತಲೆ ಆನಿಸಿ ನಿಂತ. ಅವಳ ಸೀರೆಗೆ ಎಣ್ಣೆ ಮೆತ್ತಿತು. ಆ ಕಲೆ ಎಷ್ಟು ತೊಳೆದರೂ ಹೋಗಲಿಲ್ಲ, ಅವಳಿಗೆ ಅದರ ಬೇಸರವೂ ಇಲ್ಲ. ದುಡ್ಡಿಗಾಗಿ ಓಡಾಡಬೇಕಾಗಿದ್ದ ಮಗ ಅಂದು ಇಡೀ ದಿನ ಅಪ್ಪನ ಪಕ್ಕದಲ್ಲಿ ಕೂತಿದ್ದ. ಅಪ್ಪ ಮಗ ಹಿಂದೆಂದೂ ಅಷ್ಟು ಮಾತಾಡಿರಲಿಲ್ಲ.

ಸೋಮುವಿಗೆ ಅರವತ್ತು ತುಂಬಿದ ಬೆಳಿಗ್ಗೆ ಮನೆಯಲ್ಲಿ ಯಾರೂ ಸರಿಯಾಗಿ ಉಸಿರಾಡಲಿಲ್ಲ. ಅವನು ಎದ್ದ, ಹಿತ್ತಿಲಿಗೆ ಹೋಗಿ ಬಂದ, ಕೈಕಾಲು ಮುಟ್ಟಿ ನೋಡಿಕೊಂಡ. "ಚಹಾ ಆಗಿದ್ಯಾ?" ಎಂದು ಕೇಳಿದ. ಕಲಾವತಿ ಚಹಾದ ಜೊತೆ ಪಾಯಸವನ್ನೂ ತಂದಿಟ್ಟಳು. ಮಧ್ಯಾಹ್ನ ದೇವಾನಂದ ರೇನ್‌ಕೋಟನ್ನು ತಿರುಗಿ ತಂದು ಗೂಟಕ್ಕೆ ಸಿಕ್ಕಿಸಿ ಹೋದ.

ಆಮೇಲಿನ ಸೋಮುವೇ ಬೇರೆ. ಇದ್ದಕ್ಕಿದ್ದಂತೆ ಕೈಗೆ ಬಂದ ವರ್ಷಗಳನ್ನು ಏನು ಮಾಡುವುದೆಂದು ತಿಳಿಯದೆ ಮೊದಲು ತಬ್ಬಿಬ್ಬಾದ. ಆಮೇಲೆ ಒಂದೊಂದೇ ಹಿಡಿದ. ಹಲ್ಲು ಕಟ್ಟಿಸಿಕೊಂಡ, ಬಲಗಡೆಯಿಂದ ಚಕ್ಕುಲಿ ಕಚ್ಚಿ ಮನೆಯವರಿಗೆಲ್ಲ ತೋರಿಸಿದ. ಹಿತ್ತಿಲ ಮಾಡಿನ ಅಗ್ಗದ ತಗಡು ಕಿತ್ತೆಸೆದು ಎಲ್ಲಕ್ಕಿಂತ ಗಟ್ಟಿಯಾದದ್ದನ್ನು ಹಾಕಿಸಿದ. ಬೆಳಿಗ್ಗೆ ಹೆದ್ದಾರಿಯ ಬದಿಗೆ ವಾಕಿಂಗ್, ಬೀಡಿ ಬಂದ್, ಮಾತ್ರೆ ಹೊತ್ತುಹೊತ್ತಿಗೆ. ಕರೋನಾ ಬಂತು, ಹೋಯಿತು. ನಿವೃತ್ತಿಗೆ ಹತ್ತಿರವಾದ ಕಾರ್ಖಾನೆಯ ಗೆಳೆಯರನ್ನು ಚಹಾದಂಗಡಿಯಲ್ಲಿ ಹಿಡಿದು, ದುಡ್ಡು ಬಂತೆಂದು ಹಂಚಲು ಕೂಡಬೇಡಿ ಎಂದು ಅವರ ತಲೆ ತಿನ್ನತೊಡಗಿದ. ಹೆಂಡತಿಯಿಂದ ಕಲಿತದ್ದು ಎಂದು ಮಾತ್ರ ಎಲ್ಲೂ ಹೇಳುತ್ತಿರಲಿಲ್ಲ. ಕಲಾವತಿ ಕೇಳಿಯೂ ಕೇಳದವಳಂತೆ ಇದ್ದಳು.

ಪೋಸ್ಟ್ ಆಫೀಸಿನ ಐದು ವರ್ಷ ಮುಗಿದಾಗ ಸೋಮುವಿಗೆ ಅರವತ್ತಮೂರು. ಇಬ್ಬರೂ ಬಸ್ಸಿನಲ್ಲಿ ಕಾರವಾರಕ್ಕೆ ಹೋದರು. ಅವನೇ ಮುಂದೆ ಹೋಗಿ ಕೌಂಟರಿಗೆ ಮೊಣಕೈ ಊರಿ ನಿಂತ. ಹಿಂದೆ ಹತ್ತು ಹನ್ನೆರಡು ಜನರ ಸಾಲು.

"ದುಡ್ಡು ತೆಗೀತ್ರಾ, ಮೂರು ವರ್ಷಕ್ಕೆ ಮುಂದುವರಿಸ್ತ್ರಾ?" ಕೌಂಟರಿನ ಹುಡುಗಿ ಕೇಳಿದಳು.

"ಮುಂದುವರ್ಸೂದು. ಆ ಮೂರು ಮುಗಿದ್ಮೇಲೆ?"

"ಮತ್ತೆ ಮೂರು ಮಾಡ್ಬಹುದು."

"ಅದೂ ಮುಗಿದ್ಮೇಲೆ?"

ಹುಡುಗಿ ನಕ್ಕಳು. "ಎಷ್ಟು ಸಲ ಬೇಕಾದ್ರೂ ಬನ್ನಿ ಅಜ್ಜಾ. ನೀವು ಬರ್ತಾ ಇರಿ, ನಾವು ಮಾಡ್ತಾ ಇರ್ತೇವೆ."

ಸೋಮು ಹಿಂದೆ ತಿರುಗಿ ಸಾಲಿನಲ್ಲಿದ್ದವರಿಗೆಲ್ಲ ಕೇಳುವಷ್ಟು ಜೋರಾಗಿ ಹೇಳಿದ: "ಕೇಳಿದ್ಯಾ ಕಲಾ? ತೊಂಬತ್ತರ ತನಕ ಇವ್ರದ್ದೇನೂ ಅಡ್ಡಿ ಇಲ್ಲಂತೆ."

ಕಲಾವತಿ ಏನೋ ಹೇಳಲು ಹೋದಳು. ಮಾವ ಹೋದ ವರ್ಷದಿಂದ ಎದೆಯ ಮೇಲೆ ಕೂತಿದ್ದ ಹೆದರಿಕೆ ಅಷ್ಟೂ ಜನರ ನಡುವೆ ಒಮ್ಮೆಲೇ ಕರಗಿ, ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಸಾಲಿನಲ್ಲಿದ್ದವರು ಗಾಬರಿಯಾದರು. ಬದಿಗೆ ಕೂತಿದ್ದ ಒಬ್ಬರು ಎದ್ದು ಕುರ್ಚಿ ಕೊಟ್ಟರು, ಇನ್ನೊಬ್ಬರು ನೀರಿನ ಬಾಟ್ಲಿ ಚಾಚಿದರು. ಯಾರಾದರೂ ತೀರಿಕೊಂಡರೇ ಎಂದು ಕೇಳಿದರು.

"ಇಲ್ಲ ಮಾರಾಯ್ರೆ" ಎಂದ ಸೋಮು, ಅವಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು. "ಯಾರೂ ತೀರ್ಲಿಲ್ಲ. ನಾ ಇನ್ನೂ ಬದುಕಿದ್ದೆ, ಅದ್ಕೆ."